ಸೋಯಾ ಸಾಸ್ ಹಾಕಿದರೂ ಮಿಕ್ಸ್ ಗರಿಗರಿಯಾಗಿ ಉಳಿಯಬೇಕೆಂದರೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇವೆ. ಹವಾಯಿ ಕಡೆಯ ಸಹೋದ್ಯೋಗಿಯೊಬ್ಬರು ಆಫೀಸಿಗೆ ಒಂದು ಮಿಕ್ಸ್ ತಂದಿದ್ದರು. ಚೆಕ್ಸ್ ಸೀರಿಯಲ್ (ಜಾಳಿಗೆಯಂಥ ಪುಟ್ಟ ಚೌಕಗಳ ಅಮೆರಿಕನ್ ಬೆಳಗಿನ ತಿಂಡಿ), ಜಪಾನಿನ ಅಕ್ಕಿ ಕ್ರ್ಯಾಕರ್, ಎಳ್ಳು, ನೋರಿ ಅನ್ನುವ ಒಣ ಕಡಲಕಳೆ ಹಾಳೆಯ ಚೂರು ಎಲ್ಲ ಇತ್ತು. ಸಿಹಿಯೂ ಹೌದು, ಉಪ್ಪೂ ಹೌದು. ಮನೆಯಲ್ಲಿ ಮಾಡೋಣ ಅಂತ ಸೀರಿಯಲ್ ಮೇಲೆ ಸೋಯಾ ಸಾಸ್, ಜೇನುತುಪ್ಪ, ಬೆಣ್ಣೆ ಸುರಿದು 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 15 ನಿಮಿಷ ಓವನ್‌ನಲ್ಲಿಟ್ಟೆ. ಅಂಚೆಲ್ಲ ಸೀದಿತ್ತು, ನಡುವೆ ಮೆತ್ತಗಿತ್ತು. ಮರುದಿನ ಪೂರ್ತಿ ಮೆತ್ತಗೆ. ಮಗಳ ಹುಟ್ಟುಹಬ್ಬಕ್ಕೆ ಮತ್ತೆ ಮಾಡಬೇಕು. ಮೈಸೂರಿನಿಂದ ಅಮ್ಮ ಬಂದಿದ್ದಾರೆ, ನಾವೆಲ್ಲ ಸಸ್ಯಾಹಾರಿಗಳು. ಎಷ್ಟು ದಿನ ಮೊದಲು ಮಾಡಿಡಬಹುದು? ಬೆಂಗಳೂರಿನಲ್ಲಿರುವ ತಂಗಿಗೂ ವಿಧಾನ ಬೇಕಂತೆ. ಅವಳ ಹತ್ತಿರ ಓವನ್ ಇಲ್ಲ.

ಉತ್ತರ: ಸೀದದ್ದಕ್ಕೂ ಮೆತ್ತಗಾದದ್ದಕ್ಕೂ ಕಾರಣ ಒಂದೇ, ನೀರು. ಅದು ಹೊರಗೆ ಹೋಗಲು ಬೇಕಾದಷ್ಟು ಹೊತ್ತು ನೀವು ಕೊಡಲಿಲ್ಲ. ಬದಲಿಗೆ ಉರಿ ಜಾಸ್ತಿ ಕೊಟ್ಟಿರಿ.

ನಮ್ಮ ಅವಲಕ್ಕಿ ಮಿಕ್ಸ್‌ಚರ್ ಮಾಡುವುದನ್ನು ನೆನಪಿಸಿಕೊಳ್ಳಿ. ಅದರಲ್ಲಿ ಉಪ್ಪು, ಖಾರದ ಪುಡಿ, ಇಂಗು, ಅರಿಸಿನ ಎಲ್ಲ ಒಗ್ಗರಣೆಯ ಎಣ್ಣೆಯಲ್ಲಿ ಹೋಗುತ್ತವೆ. ಒಂದು ಹನಿ ನೀರು ಬೀಳುವುದಿಲ್ಲ. ಕರಿಬೇವನ್ನು ಕೂಡ ಚಟಪಟ ನಿಂತು ಗರಿಯಾಗುವ ತನಕ ಬಿಡುತ್ತೇವೆ. ನೀವು ಮಾಡಿದ ಮಿಕ್ಸ್‌ನಲ್ಲಿ ರುಚಿ ಕೊಡುವ ಮುಖ್ಯ ಸಾಮಾನೇ ಸೋಯಾ ಸಾಸ್. ಅದರ ತೂಕದ ಮೂರರಲ್ಲಿ ಎರಡು ಪಾಲು ನೀರು. ಅಮೆರಿಕದ ಬೆಣ್ಣೆಯಲ್ಲಿ ಶೇ 16ರಷ್ಟು, ಜೇನುತುಪ್ಪದಲ್ಲಿ ಶೇ 17-18ರಷ್ಟು ನೀರು.

ಸ್ವಲ್ಪ ಲೆಕ್ಕ ಹಾಕಿ ನೋಡಿ. 2 ಟೇಬಲ್ ಚಮಚ ಸೋಯಾ ಸಾಸ್, 60 ಗ್ರಾಂ ಬೆಣ್ಣೆ ಸೇರಿದರೆ ಹೆಚ್ಚುಕಡಿಮೆ 30 ಗ್ರಾಂ ನೀರು. ಅದನ್ನು ಹೀರುವ ಸೀರಿಯಲ್ 300 ಗ್ರಾಂ ಅಂದುಕೊಳ್ಳಿ. ಆಗಷ್ಟೇ ಒಡೆದ ಡಬ್ಬದ ಸೀರಿಯಲ್‌ನಲ್ಲಿ ನೀರಿನಂಶ ಶೇ 3ರ ಆಸುಪಾಸು ಇರುತ್ತದೆ. ಶೇ 7-8ರ ಹತ್ತಿರ ಹೋದರೆ ಹಲ್ಲಿಗೆ ಕುರುಮ್ ಅನ್ನುವುದಿಲ್ಲ, ನಾರಿನ ಹಾಗೆ ಜಗ್ಗುತ್ತದೆ. ನೀವು ಒಂದೇ ಸಲಕ್ಕೆ ಅದನ್ನು ಶೇ 12ಕ್ಕೆ ಏರಿಸಿದ್ದೀರಿ. ಅಷ್ಟೂ ನೀರು ಮತ್ತೆ ಹೊರಗೆ ಹೋಗಬೇಕು. 350 ಡಿಗ್ರಿ ಅಂದರೆ 177 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ಸೋಯಾ ಸಾಸ್ ಮತ್ತು ಸಕ್ಕರೆ ಸೇರಿದ ಲೇಪ ಕೆಲವೇ ನಿಮಿಷದಲ್ಲಿ ಕಪ್ಪಾಗುತ್ತದೆ. ನಡುವಿನ ರಾಶಿಯಿಂದ ಹಬೆ ಏಳುವುದರೊಳಗೆ ಅಂಚು ಸೀದಿರುತ್ತದೆ.

ಹವಾಯಿಯವರು ಇದನ್ನು ಯಾವತ್ತೋ ಕಂಡುಕೊಂಡಿದ್ದಾರೆ. ಅಲ್ಲಿನ ಮನೆಗಳಲ್ಲಿ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 120 ಸೆಲ್ಸಿಯಸ್, ಒಂದು ಗಂಟೆ. 15 ನಿಮಿಷಕ್ಕೊಮ್ಮೆ ಕೈಯಾಡಿಸುವುದು. ಇದು ಬೇಯಿಸುವ ಕೆಲಸವಲ್ಲ, ಒಣಗಿಸುವ ಕೆಲಸ. ಈ ಮಿಕ್ಸ್ ಹುಟ್ಟಿದ ಕಥೆಯೂ ಚೆನ್ನಾಗಿದೆ. 1885ರಿಂದ ಜಪಾನಿನ ಕೂಲಿಕಾರರು ಸರ್ಕಾರಗಳ ಒಪ್ಪಂದದ ಮೇಲೆ ಹವಾಯಿಯ ಕಬ್ಬಿನ ತೋಟಗಳಿಗೆ ಬಂದರು. ಅವರ ಜೊತೆ ಅಕ್ಕಿಯ ಕುರುಕು ತಿಂಡಿ ಅರಾರೆ ಬಂತು, ಅನ್ನದ ಮೇಲೆ ಉದುರಿಸುವ ಫುರಿಕಾಕೆ ಪುಡಿ ಆಮೇಲೆ ಬಂತು. 1950ರ ದಶಕದಲ್ಲಿ ಅಮೆರಿಕದ ಮುಖ್ಯ ನೆಲದಲ್ಲಿ ಚೆಕ್ಸ್ ಸೀರಿಯಲ್‌ನ ಪಾರ್ಟಿ ಮಿಕ್ಸ್ ಜನಪ್ರಿಯವಾಯಿತು. ಎರಡೂ ದ್ವೀಪದ ಅಡುಗೆಮನೆಯಲ್ಲಿ ಸೇರಿಕೊಂಡವು. ಅಲ್ಲಿ ಈಗಲೂ ಪಾಪ್‌ಕಾರ್ನ್‌ಗೆ ಅರಾರೆ, ಫುರಿಕಾಕೆ ಬೆರೆಸಿ ತಿನ್ನುತ್ತಾರೆ.

ಈಗ ಅಳತೆ. ಕಪ್ ಅಂದರೆ 240 ಮಿಲಿ ಕಪ್. ಓವನ್‌ಗೆ ಹೋಗುವುದು 4 ಕಪ್ ಅಕ್ಕಿ ಚೆಕ್ಸ್, 3 ಕಪ್ ಮೆಕ್ಕೆಜೋಳದ ಚೆಕ್ಸ್, 2 ಕಪ್ ಸಣ್ಣ ಪ್ರೆಟ್ಜೆಲ್ (ಗಂಟು ಹಾಕಿದಂತಿರುವ ಗರಿಗರಿ ಉಪ್ಪು ಬಿಸ್ಕತ್ತು). ಲೇಪಕ್ಕೆ 60 ಗ್ರಾಂ ಉಪ್ಪಿಲ್ಲದ ಬೆಣ್ಣೆ, 3 ಟೇಬಲ್ ಚಮಚ ವಾಸನೆಯಿಲ್ಲದ ಎಣ್ಣೆ, 4 ಟೇಬಲ್ ಚಮಚ ಸಕ್ಕರೆ, 2 ಟೇಬಲ್ ಚಮಚ ಕಾರ್ನ್ ಸಿರಪ್ (ಮೆಕ್ಕೆಜೋಳದಿಂದ ಮಾಡಿದ ಸಿಹಿ ಪಾಕ), 2 ಟೇಬಲ್ ಚಮಚ ಸೋಯಾ ಸಾಸ್. ಕೊನೆಗೆ ಸೇರುವುದು 2 ಕಪ್ ಅರಾರೆ, 1 ಕಪ್ ಹುರಿದ ಕಡಲೆಕಾಯಿ ಬೀಜ, ಅರ್ಧ ಕಪ್ ವಸಾಬಿ ಬಟಾಣಿ (ಜಪಾನಿನ ವಸಾಬಿಯ ಘಾಟು ಸವರಿದ ಹುರಿದ ಬಟಾಣಿ), ಮೇಲೆ ಉದುರಿಸಲು ನೋರಿ. ಎಳ್ಳು ಮಾತ್ರ ಲೇಪದ ಜೊತೆಗೇ ಹೋಗುತ್ತದೆ. ಬೇರೆ ಉಪ್ಪು ಹಾಕಬೇಡಿ. ಆ ಎರಡು ಚಮಚ ಸೋಯಾ ಸಾಸ್‌ನಲ್ಲೇ ನಾಲ್ಕೂವರೆ ಗ್ರಾಂನಷ್ಟು ಉಪ್ಪಿದೆ. ಪ್ರೆಟ್ಜೆಲ್, ಅರಾರೆಗಳ ಉಪ್ಪು ಬೇರೆ.

ಸೋಯಾ ಸಾಸ್ ಸಾಮಾನ್ಯ ಜಪಾನಿ ಬಗೆಯದ್ದಾಗಿರಲಿ. ಚೀನೀ ಅಡುಗೆಗೆ ಬಳಸುವ ಗಟ್ಟಿ ಕಪ್ಪು ಸೋಯಾ ಸಾಸ್ ಬೇಡ. ಅದು ಬೇಗ ಸೀಯುತ್ತದೆ, ಕಹಿ ಬರುತ್ತದೆ.

ಜೇನುತುಪ್ಪದ ಬದಲು ಕಾರ್ನ್ ಸಿರಪ್ ಯಾಕೆ ಅಂದರೆ, ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ. ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವುದರಲ್ಲಿ ಅದನ್ನು ಮೀರಿಸುವ ಸಕ್ಕರೆ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ನೀವು ಎಷ್ಟೇ ಚೆನ್ನಾಗಿ ಒಣಗಿಸಿದರೂ ಜೇನಿನ ಲೇಪ ಮರುದಿನ ಅಂಟುತ್ತದೆ. ಬೆಲ್ಲದ್ದೂ ಅದೇ ಕಷ್ಟ. ಕಾರ್ನ್ ಸಿರಪ್ ಅಷ್ಟಾಗಿ ತೇವ ಎಳೆಯುವುದಿಲ್ಲ, ಸಕ್ಕರೆ ಹರಳುಗಟ್ಟದ ಹಾಗೂ ನೋಡಿಕೊಳ್ಳುತ್ತದೆ. ಕಾರ್ನ್ ಸಿರಪ್ ಬೇಡ ಅನ್ನುವವರು ಬರೀ ಸಕ್ಕರೆ ಹಾಕಿ. ಲೇಪ ಸ್ವಲ್ಪ ಮರಳು ಮರಳಾಗುತ್ತದೆ ಅಷ್ಟೇ, ಗರಿಗರಿಗೆ ತೊಂದರೆಯಿಲ್ಲ. ತುಪ್ಪ ಹಾಕಬಹುದಾ ಅಂತ ಅಮ್ಮ ಕೇಳಬಹುದು. ನೀರಿನ ದೃಷ್ಟಿಯಿಂದ ತುಪ್ಪ ಬೆಣ್ಣೆಗಿಂತ ಒಳ್ಳೆಯದೇ. ಆದರೆ ಹರಳು ತುಪ್ಪದ ಘಮ ಸೋಯಾ ಸಾಸ್ ಜೊತೆ ಜಗಳಕ್ಕೆ ನಿಲ್ಲುತ್ತದೆ. ನಾನಂತೂ ಹಾಕುವುದಿಲ್ಲ.

ಲೇಪವನ್ನು ತಣ್ಣಗೆ ಕಲಸಿ ಸುರಿಯಬೇಡಿ. ಬೆಣ್ಣೆ, ಎಣ್ಣೆ, ಸಕ್ಕರೆ, ಸಿರಪ್ ಸಣ್ಣ ಪಾತ್ರೆಯಲ್ಲಿ ಕರಗಲಿ. ಆಮೇಲೆ ಸೋಯಾ ಸಾಸ್ ಹಾಕಿ. ನೊರೆ ಉಕ್ಕುತ್ತದೆ, ಪಾತ್ರೆ ಸ್ವಲ್ಪ ದೊಡ್ಡದೇ ಇರಲಿ. ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಾ ಎರಡು ನಿಮಿಷ ಕುದಿಸಿ. ಒಂದಷ್ಟು ನೀರು ಒಲೆಯ ಮೇಲೇ ಹೋಗಿಬಿಡುತ್ತದೆ. ಅದು ಸೀರಿಯಲ್ ಒಳಗೆ ಇಳಿಯುವ ಪ್ರಶ್ನೆಯೇ ಬರುವುದಿಲ್ಲ. ಎಣ್ಣೆ ಮೇಲೆ, ಸಾಸ್ ಕೆಳಗೆ ಬೇರೆಯಾಗುತ್ತಿದ್ದರೆ ಗಾಬರಿ ಬೇಡ. ಸುರಿಯುವ ಮುಂಚೆ ಜೋರಾಗಿ ಕಲಕಿ, ಬಿಸಿ ಇರುವಾಗಲೇ ದಾರವಾಗಿ ಸುರಿಯಿರಿ. ಅಗಲ ಪಾತ್ರೆಯಲ್ಲಿ ಎರಡು ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಎತ್ತಿ ಕಲಸಿ. ಚೆಕ್ಸ್ ಪುಡಿಯಾಗಬಾರದು.

ಒಂದೇ ಟ್ರೇಯಲ್ಲಿ ರಾಶಿ ಹಾಕಬೇಡಿ. ಎರಡು ದೊಡ್ಡ ಟ್ರೇಗಳಿಗೆ ಬೇಕಿಂಗ್ ಪೇಪರ್ ಹಾಸಿ, ತೆಳುವಾಗಿ ಹರಡಿ. 250 ಡಿಗ್ರಿ, ಒಂದು ಗಂಟೆ. ಕಾಲು ಗಂಟೆಗೊಮ್ಮೆ ಅಂಚಿನದ್ದನ್ನು ನಡುವೆ ತಂದು, ನಡುವಿನದ್ದನ್ನು ಅಂಚಿಗೆ ತಳ್ಳಿ. ಅರ್ಧ ಗಂಟೆಗೆ ಮೇಲಿನ ಟ್ರೇ ಕೆಳಗೆ, ಕೆಳಗಿನದ್ದು ಮೇಲೆ. ಮೈಕ್ರೋವೇವ್ ಬೇಡ, ಲೇಪ ಅಲ್ಲಲ್ಲಿ ಸೀಯುತ್ತದೆ. ಏರ್ ಫ್ರೈಯರ್ ಕೂಡ ಬೇಡ. ಹಗುರವಾದ ಚೆಕ್ಸ್ ಗಾಳಿಗೆ ಹಾರಿ ಮೇಲಿನ ಬಿಸಿ ಸುರುಳಿಗೆ ತಾಗುತ್ತದೆ.

ಆಯಿತೋ ಇಲ್ಲವೋ ಅಂತ ನೋಡುವುದರಲ್ಲಿ ಬಹಳ ಜನ ಎಡವುತ್ತಾರೆ. ಓವನ್‌ನಿಂದ ತೆಗೆದ ತಕ್ಷಣ ಬಾಯಿಗೆ ಹಾಕಿಕೊಂಡರೆ ಅದು ಮೆತ್ತಗೇ ಇರುತ್ತದೆ. ಸಕ್ಕರೆಯ ಲೇಪ ಬಿಸಿಯಲ್ಲಿ ಪಾಕ, ತಣ್ಣಗಾದ ಮೇಲೆ ಗಾಜು. ಹಾಗಾಗಿ ಟ್ರೇಯ ನಡುವಿನಿಂದ ನಾಲ್ಕು ಚೂರು ತೆಗೆದು ತಟ್ಟೆಯಲ್ಲಿಡಿ. ಐದು ನಿಮಿಷ ಬಿಟ್ಟು ಕಚ್ಚಿ. ಟಕ್ ಅಂತ ಒಡೆದರೆ ಆಯಿತು. ಹಲ್ಲಿಗೆ ಅಂಟಿದರೆ ಇನ್ನೂ ಹತ್ತು ನಿಮಿಷ. ಬಣ್ಣ ನೋಡಿ ನಿರ್ಧರಿಸಬೇಡಿ, ಸೋಯಾ ಸಾಸ್ ಮೊದಲಿನಿಂದಲೂ ಕಂದು ಬಣ್ಣವೇ.

ನೋರಿಯನ್ನು ಮೊದಲೇ ಹಾಕಿ ಒಂದು ಗಂಟೆ ಓವನ್‌ನಲ್ಲಿ ಇಡುವುದು ಹವಾಯಿಯಲ್ಲಿ ಸಾಮಾನ್ಯ. ನನಗೆ ಅದು ಒಪ್ಪಿಗೆಯಿಲ್ಲ. ಅಷ್ಟು ಹೊತ್ತಿಗೆ ಹಸಿರು ಹೋಗಿ ಕಂದಾಗುತ್ತದೆ, ಸಮುದ್ರದ ಆ ಘಮವೂ ಹಾರಿಹೋಗುತ್ತದೆ. ಎಳ್ಳು ಮೊದಲೇ ಹೋಗಲಿ, ಲೇಪದ ಜೊತೆ ಅಂಟಿಕೊಂಡು ಹುರಿದ ಪರಿಮಳ ಬರುತ್ತದೆ. ನೋರಿ ಕೊನೆಯ ಐದು ನಿಮಿಷಕ್ಕೆ. ಆಗ ಲೇಪ ಬಿಸಿಯಾಗಿ ಅಂಟಂಟಾಗಿರುತ್ತದೆ, ಚೂರುಗಳು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ತಣ್ಣಗಾದ ಮೇಲೆ ಹಾಕಿದರೆ ಎಲ್ಲ ಡಬ್ಬದ ತಳಕ್ಕೆ ಇಳಿಯುತ್ತದೆ. ನೋರಿ ಹಾಳೆ ಗಾಳಿಯ ತೇವವನ್ನು ಬಹಳ ಬೇಗ ಹೀರುತ್ತದೆ, ಪ್ಯಾಕೆಟ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಅದಕ್ಕೇ. ಹಾಳೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯ ಮೇಲೆ ನಾಲ್ಕೈದು ಸೆಕೆಂಡ್ ಆಡಿಸಿ, ಕತ್ತರಿಯಿಂದ ಸಣ್ಣಗೆ ಕತ್ತರಿಸಿ. ಎರಡು ಹಾಳೆ ಸಾಕು.

ಅರಾರೆ ಆಗಲೇ ಸೋಯಾ ಸಾಸ್ ಸವರಿ ಒಣಗಿಸಿದ್ದು. ಅದನ್ನು ಇನ್ನೊಂದು ಗಂಟೆ ಹುರಿದರೆ ಕಹಿ. ಅದೂ, ಕಡಲೆಕಾಯಿಯೂ ನೋರಿಯ ಜೊತೆ ಕೊನೆಯ ಐದು ನಿಮಿಷಕ್ಕೆ ಬರಲಿ. ಬೀಜ ಎಷ್ಟಿರಬೇಕು ಅನ್ನುವುದರ ಬಗ್ಗೆ ಜಪಾನಿನಲ್ಲಿ ಮತದಾನವೇ ನಡೆದಿದೆ! ನೀಗಾತಾ ಪ್ರಾಂತ್ಯದ ಕಾಮೆಡಾ ಕಂಪನಿ ಬಾಗಿದ ಪುಟ್ಟ ಖಾರದ ಅಕ್ಕಿ ಕ್ರ್ಯಾಕರ್ ಕಾಕಿನೋತಾನೆಗೆ ಕಡಲೆಕಾಯಿ ಬೆರೆಸಿ ಮಾರುತ್ತದೆ. ಮೊದಲು ಆರಕ್ಕೆ ನಾಲ್ಕು ಇತ್ತು. ಜನರ ಅಭಿಪ್ರಾಯ ಕೇಳಿ 2020ರಲ್ಲಿ ಅದನ್ನು ಏಳಕ್ಕೆ ಮೂರು ಮಾಡಿದರು. ಜನ ಬೀಜ ಜಾಸ್ತಿ ಕೇಳುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ಕೇಳಿದ್ದು ಕುರುಕು ಜಾಸ್ತಿ. ಬೀಜ ಇರುವುದು ಖಾರ, ಉಪ್ಪಿನ ನಡುವೆ ನಾಲಿಗೆಗೆ ಸ್ವಲ್ಪ ಬಿಡುವು ಕೊಡಲು. ಮಕ್ಕಳ ಪಾರ್ಟಿಗೆ ನಾನು ಇನ್ನೂ ಕಡಿಮೆ ಮಾಡಿದ್ದೇನೆ.

ಮಕ್ಕಳ ವಿಷಯ ಬಂದದ್ದರಿಂದ ಒಂದು ಮಾತು. ಇದರಲ್ಲಿ ಕಡಲೆಕಾಯಿ, ಸೋಯಾ, ಎಳ್ಳು, ಗೋಧಿ, ಬೆಣ್ಣೆಯ ಹಾಲು ಐದೂ ಇವೆ. ಅಕ್ಕಿ ಚೆಕ್ಸ್‌ನಲ್ಲಿ ಗ್ಲೂಟೆನ್ ಇಲ್ಲದಿದ್ದರೂ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಯಾವ ಮಗುವಿಗೆ ಏನು ಆಗುವುದಿಲ್ಲ ಅಂತ ತಂದೆತಾಯಿಯರನ್ನು ಮೊದಲೇ ಕೇಳಿ. ನಾಲ್ಕು ವರ್ಷದೊಳಗಿನವರಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಅಮ್ಮನ ವಿಷಯ. ನಿಮ್ಮ ಸಹೋದ್ಯೋಗಿ ತಂದ ಮಿಕ್ಸ್‌ನಲ್ಲಿ ಮೀನು ಇದ್ದಿರುವ ಸಾಧ್ಯತೆ ಸಾಕಷ್ಟಿದೆ. ಅಂಗಡಿಯ ಫುರಿಕಾಕೆಯಲ್ಲಿ ಬಹುತೇಕ ಬೊನಿಟೊ ಮೀನಿನ ಒಣ ಚಕ್ಕೆ ಇರುತ್ತದೆ, ಕೆಲವದರಲ್ಲಿ ಮೊಟ್ಟೆ. ಕೆಲವು ಅರಾರೆಗೆ ಸಿಗಡಿ ಬೆರೆಸುತ್ತಾರೆ. ಮೂಲ ಅಮೆರಿಕನ್ ಪಾರ್ಟಿ ಮಿಕ್ಸ್‌ಗೆ ಹಾಕುವ ವೂಸ್ಟರ್‌ಶೈರ್ ಸಾಸ್‌ನಲ್ಲೂ ಸಾಮಾನ್ಯವಾಗಿ ಆಂಚೊವಿ ಮೀನು ಇದೆ. ಅಮೆರಿಕದಲ್ಲಿ ಮೀನು, ಸಿಗಡಿ, ಮೊಟ್ಟೆ ಎಲ್ಲ ಕಡ್ಡಾಯವಾಗಿ ಹೇಳಬೇಕಾದ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿವೆ. ಅದರಿಂದ ನಮಗೊಂದು ಅನುಕೂಲ. ಪ್ಯಾಕೆಟ್ ಹಿಂದಿನ ಪದಾರ್ಥಗಳ ಪಟ್ಟಿಯನ್ನೂ, ಅದರ ಕೆಳಗಿನ ಅಲರ್ಜಿ ಸಾಲನ್ನೂ ಓದಿದರೆ ಗೊತ್ತಾಗಿಬಿಡುತ್ತದೆ. ಮುಂಭಾಗದ ಚಿತ್ರ ನಂಬಬೇಡಿ. ಭಾರತದಲ್ಲಿ ಕೊಳ್ಳುವವರು ಹಸಿರು ಚುಕ್ಕೆ ನೋಡಿ. ಹೊರಗಿನಿಂದ ಬಂದ ಪ್ಯಾಕೆಟ್ ಮೇಲೂ ಅದು ಇರಬೇಕು.

ಫುರಿಕಾಕೆ ನೀವೇ ಮಾಡಿಕೊಳ್ಳಿ. ಮೇಲೆ ಹೇಳಿದ ಎಳ್ಳು, ನೋರಿಯ ಅಳತೆಯೂ ಇದೇ. 2 ಟೇಬಲ್ ಚಮಚ ಬಿಳಿ ಎಳ್ಳು, 1 ಚಮಚ ಕರಿ ಎಳ್ಳು, ಎರಡು ಹಾಳೆ ನೋರಿ, ಚಿಟಿಕೆ ಸಕ್ಕರೆ. ಮೀನಿನ ಜಾಗದಲ್ಲಿ ಒಂದೂವರೆ ಟೀ ಚಮಚ ಒಣ ಶಿಟಾಕೆ ಅಣಬೆಯ ಪುಡಿ. ಇದು ಸುಮ್ನೆ ಜಾಗ ತುಂಬಿಸುವುದಕ್ಕೆ ಅಲ್ಲ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲಕಳೆಯಿಂದ ಗ್ಲುಟಮೇಟ್ ಬೇರ್ಪಡಿಸಿ, ಅದರ ಗಾಢವಾದ ಸಾರಿನಂಥ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. 1913ರಲ್ಲಿ ಶಿಂತಾರೊ ಕೊಡಾಮಾ ಬೊನಿಟೊದಲ್ಲಿ ಇನೊಸಿನೇಟ್ ಕಂಡುಕೊಂಡರು. 1957ರಲ್ಲಿ ಅಕಿರಾ ಕುನಿನಾಕಾ ಗ್ವಾನಿಲೇಟ್‌ಗೂ ಅಂಥದ್ದೇ ರುಚಿ ಇದೆ ಅಂತ ತೋರಿಸಿದರು. ಒಣ ಶಿಟಾಕೆಯಲ್ಲಿ ಅದು ಧಾರಾಳ. ಗ್ಲುಟಮೇಟ್ ಜೊತೆ ಈ ಎರಡರಲ್ಲಿ ಯಾವುದು ಸೇರಿದರೂ ರುಚಿ ಹಲವು ಪಟ್ಟು ಏರುತ್ತದೆ. ಸೋಯಾ ಸಾಸ್, ನೋರಿ ಎರಡರಲ್ಲೂ ಗ್ಲುಟಮೇಟ್ ಇದೆ. ಮೀನು ಮಾಡುವ ಕೆಲಸವನ್ನು ಇಲ್ಲಿ ಅಣಬೆ ಮಾಡುತ್ತದೆ. ಶಿಟಾಕೆ ತೇವವಿದ್ದರೆ ಪುಡಿಯಾಗುವುದಿಲ್ಲ. ಲೇಪದ ಟ್ರೇ ಹೋಗುವ ಮೊದಲು ಅದೇ ಓವನ್‌ನಲ್ಲಿ ಹತ್ತು ನಿಮಿಷ ಒಣಗಿಸಿ, ಆರಿದ ಮೇಲೆ ಮಿಕ್ಸಿಗೆ ಹಾಕಿ.

ಅಮ್ಮ ಅಣಬೆ ತಿನ್ನುವುದಿಲ್ಲವಾದರೆ ಬಿಟ್ಟುಬಿಡಿ. ಒಂದು ಟೀ ಚಮಚ ಕೊಂಬು ಪುಡಿ ಹಾಕಿ, ಒಂದು ಹಾಳೆ ನೋರಿ ಹೆಚ್ಚಿಸಿ. ಸ್ವಲ್ಪ ತೆಳು ರುಚಿ ಬರುತ್ತದೆ, ಆದರೂ ಕೆಟ್ಟದಾಗಿರುವುದಿಲ್ಲ. ಖಾರ ಬೇಕಿದ್ದರೆ ಕೊರಿಯಾದ ಮೆಣಸಿನ ಪುಡಿ ಗೊಚುಗಾರು ಹುಡುಕಿಕೊಂಡು ಹೋಗಬೇಡಿ. ಅಮ್ಮನ ಸೂಟ್‌ಕೇಸ್‌ನಲ್ಲಿ ಬ್ಯಾಡಗಿ ಮೆಣಸಿನ ಪುಡಿ ಇದ್ದೇ ಇರುತ್ತದೆ. ಬಣ್ಣ ಗಾಢ, ಖಾರ ಹದ. ಇಲ್ಲಿಗೆ ಅದೇ ಬೇಕಾದದ್ದು. ಮುಕ್ಕಾಲು ಟೀ ಚಮಚವನ್ನು ಲೇಪ ಇಳಿಸಿದ ಮೇಲೆ ಕಲಸಿ, ಕುದಿಯುವಾಗ ಬೇಡ.

ವಸಾಬಿ ಬಟಾಣಿಯನ್ನು ಅಂಗಡಿಯಿಂದಲೇ ತನ್ನಿ. ಒಣ ಬಟಾಣಿಯನ್ನು ಮನೆಯಲ್ಲಿ ಅಷ್ಟು ಹಗುರವಾಗಿ ಉಬ್ಬಿಸುವುದು ಆಗದ ಮಾತು, ಹಲ್ಲು ಹೋದೀತು. ಅದನ್ನು ಓವನ್‌ಗೆ ಹಾಕಲೇಬೇಡಿ, ಮಿಕ್ಸ್ ಪೂರ್ತಿ ಆರಿದ ಮೇಲೆ ಸೇರಿಸಿ. ಮೂಗಿಗೆ ಏರುವ ಆ ಘಾಟು ಬೇಗ ಆವಿಯಾಗುವಂಥದ್ದು. ವಸಾಬಿ ಪುಡಿ ಇದ್ದರೂ ಇದೇ ಕ್ರಮ. ಹೆಚ್ಚಿನ ಪುಡಿಗಳಲ್ಲಿ ಇರುವುದು ಹಾರ್ಸ್‌ರಾಡಿಶ್ ಅನ್ನುವ ಘಾಟು ಬೇರು ಮತ್ತು ಸಾಸಿವೆ. ಒಣಗಿರುವಾಗ ಅದರ ಘಾಟು ಮಲಗಿರುತ್ತದೆ, ನೀರು ತಾಗಿದಾಗ ಏಳುತ್ತದೆ. ಲೇಪದಲ್ಲಿ ಕಲಸಿದರೆ ಘಾಟು ಓವನ್‌ನಲ್ಲೇ ಎದ್ದು ಅಲ್ಲೇ ಹಾರಿಹೋಗುತ್ತದೆ. ಒಣ ಪುಡಿಯಾಗಿ ಉದುರಿಸಿದರೆ ಬಾಯಲ್ಲಿ ಏಳುತ್ತದೆ.

ಇನ್ನೊಂದು ತಪ್ಪನ್ನು ಬಹಳ ಮನೆಗಳಲ್ಲಿ ನೋಡುತ್ತೇನೆ. ಬಣ್ಣಕ್ಕೆ ಅಂತ ದ್ರಾಕ್ಷಿ, ಕ್ರ್ಯಾನ್‌ಬೆರಿ, ಶುಂಠಿ ಮುರಬ್ಬದ ಚೂರು ಸೇರಿಸುತ್ತಾರೆ. ಒಣದ್ರಾಕ್ಷಿಯಲ್ಲಿ ಶೇ 15ರಷ್ಟು ನೀರಿದೆ. ಮುಚ್ಚಿದ ಡಬ್ಬದಲ್ಲಿ ಆ ನೀರು ಮೆಲ್ಲಗೆ ಚೆಕ್ಸ್‌ಗೆ ಸೇರುತ್ತದೆ. ಎರಡೇ ದಿನದಲ್ಲಿ ದ್ರಾಕ್ಷಿ ಕಲ್ಲು, ಚೆಕ್ಸ್ ಮೆತ್ತಗೆ. ಹಾಕಲೇಬೇಕೆಂದಿದ್ದರೆ ಬಡಿಸುವಾಗ ಬಟ್ಟಲಿಗೆ ಹಾಕಿ.

ಎಷ್ಟು ದಿನ ಮೊದಲು ಅಂತ ಕೇಳಿದ್ದೀರಿ. ನಾಲ್ಕು ದಿನ ಮೊದಲು ಧೈರ್ಯವಾಗಿ ಮಾಡಿ. ಟ್ರೇಯಲ್ಲೇ ಪೂರ್ತಿ ತಣ್ಣಗಾಗಲಿ. ಕೈಗೆ ಬೆಚ್ಚಗಿದ್ದರೂ ಡಬ್ಬಕ್ಕೆ ತುಂಬಬೇಡಿ, ಒಳಗೆ ಹಬೆ ಕಟ್ಟುತ್ತದೆ. ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಚೆನ್ನಾಗಿಯೇ ಇರುತ್ತದೆ. ಆಮೇಲೆ ಮೊದಲು ಕೆಡುವುದು ಬೀಜದ ಎಣ್ಣೆ, ಕಮಟು ವಾಸನೆ ಬರುತ್ತದೆ. ನೋರಿಯ ಪ್ಯಾಕೆಟ್‌ನಲ್ಲಿದ್ದ ಸಿಲಿಕಾ ಜೆಲ್ ಪೊಟ್ಟಣವನ್ನು ಇದಕ್ಕೆ ಹಾಕಬೇಡಿ. ಮಕ್ಕಳು ಕೈ ಹಾಕುವ ಡಬ್ಬ. ಹೇಗೋ ಮೆತ್ತಗಾದರೂ ಬಿಸಾಡಬೇಡಿ. ವಸಾಬಿ ಬಟಾಣಿ ಆರಿಸಿ ತೆಗೆದು, 250 ಡಿಗ್ರಿಯಲ್ಲಿ 10-15 ನಿಮಿಷ ಹರಡಿಟ್ಟರೆ ಮತ್ತೆ ಗರಿಯಾಗುತ್ತದೆ. ಈ ಅಳತೆಯಲ್ಲಿ ಹನ್ನೆರಡು ಕಪ್ ಮೀರಿ ಆಗುತ್ತದೆ, ಇಪ್ಪತ್ತು ಜನಕ್ಕೆ ಧಾರಾಳ.

ಇನ್ನು ನಿಮ್ಮ ತಂಗಿಗೆ. ಚೆಕ್ಸ್ ಹುಡುಕುವುದು ಬೇಡ. 6 ಕಪ್ ಮಂಡಕ್ಕಿ, 2 ಕಪ್ ಮಖಾನಾ, 1 ಕಪ್ ಹುರಿದ ಕಡಲೆಕಾಯಿ ಸಾಕು. ಮಂಡಕ್ಕಿ ಚೆಕ್ಸ್‌ಗಿಂತ ಸೂಕ್ಷ್ಮ, ನೀರು ತಾಗಿದ ಕ್ಷಣ ಕುಗ್ಗುತ್ತದೆ. ಹಾಗಾಗಿ ಸಾಸ್ ಅರ್ಧ ಮಾಡಬೇಕು. 3 ಟೇಬಲ್ ಚಮಚ ಎಣ್ಣೆ, 2 ಚಮಚ ಸಕ್ಕರೆ, 1 ಚಮಚ ಸೋಯಾ ಸಾಸ್. ಮಂಡಕ್ಕಿಯಲ್ಲೇ ಉಪ್ಪಿರುವುದು ಸಾಮಾನ್ಯ, ರುಚಿ ನೋಡಿಕೊಳ್ಳಲಿ. ದಪ್ಪ ತಳದ ಬಾಣಲೆಯಲ್ಲಿ ಮೊದಲು ಮಖಾನಾ, ಆಮೇಲೆ ಮಂಡಕ್ಕಿಯನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಬೇಕು. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಲೇಪ ಕುದಿಸಿ. ನೊರೆಯ ಗುಳ್ಳೆ ಸಣ್ಣದಾಗಿ ಗಟ್ಟಿಯಾಗುವ ತನಕ. ಈಗ ಉರಿ ಪೂರ್ತಿ ಸಣ್ಣಗೆ. ಎಲ್ಲವನ್ನೂ ಹಾಕಿ ಎಂಟು ಹತ್ತು ನಿಮಿಷ ಕೈ ಬಿಡದೆ ತಿರುವಬೇಕು. ಕೊನೆಗೆ ಎಳ್ಳು, ನೋರಿ. ಅಗಲ ತಟ್ಟೆಗಳಲ್ಲಿ ಹರಡಿ ಫ್ಯಾನ್ ಕೆಳಗೆ ಆರಿಸಲಿ.

ಅರಾರೆ ಬದಲಿಗೆ ತೆಳ್ಳನೆ ನಿಪ್ಪಟ್ಟನ್ನು ಮುರಿದು ಹಾಕಿದರೆ ಆಗುತ್ತದೆ, ಖಾರ ಕಡಿಮೆ ಇರುವಂಥದ್ದು. ಅಕ್ಕಿಯ ಕುರುಕೇ ಬೇಕಿದ್ದರೆ ಮೇಲೆ ಹೇಳಿದ ಕಾಮೆಡಾ ಕಂಪನಿ 'ಕರಿ ಕರಿ' ಹೆಸರಿನಲ್ಲಿ ಕಡಲೆಕಾಯಿ ಬೆರೆತ ತಿಂಡಿಯನ್ನು ಭಾರತಕ್ಕೂ ತಂದಿತ್ತು, ಸಿಕ್ಕರೆ ಹಾಕಬಹುದು. ಅದನ್ನು ಹಾಕಿದರೆ ಬೇರೆ ಬೀಜ ಬೇಡ. ಮಳೆಗಾಲವಾದರೆ ಮಂಡಕ್ಕಿಯ ಭಾಗವನ್ನು ಪಾರ್ಟಿಯ ದಿನ ಬೆಳಿಗ್ಗೆಯೇ ಮಾಡಲಿ. ಮಖಾನಾ, ಬೀಜಕ್ಕೆ ಲೇಪ ಹಚ್ಚಿ ಎರಡು ದಿನ ಮೊದಲೇ ಡಬ್ಬಕ್ಕೆ ತುಂಬಿಟ್ಟುಕೊಂಡರೂ ತೊಂದರೆಯಿಲ್ಲ.